ಹೆಸರು ಒಂದು, ಊರು ಹಲವು

ಶಿವಮೊಗ್ಗೆಯ ಸೀಮೆಯಲ್ಲಿ “ಸುಬ್ಬಣ್ಣನವರು ಬರುತ್ತಾರಂತೆ” ಎಂದು ಯಾರಾದರೂ ಹೇಳಿದರೆ, “ಯಾವ ಸುಬ್ಬಣ್ಣ? ಹಾಡುವವರೋ, ಆಡಿಸುವವರೋ?” ಎಂಬ ಪ್ರಶ್ನೆ ಒಡನೆಯೇ ಹುಟ್ಟುತ್ತಿದ್ದ ಕಾಲವೊಂದಿತ್ತು. ಇಬ್ಬರೂ ಈ ಜಿಲ್ಲೆಯ ಮಕ್ಕಳು. ಆರೇಳು ವರ್ಷಗಳ ಅಂತರದಲ್ಲಿ ಹುಟ್ಟಿದವರು. ಇಬ್ಬರ ಕೀರ್ತಿಯೂ ಕರ್ನಾಟಕದ ಎಲ್ಲೆಯನ್ನು ದಾಟಿತು. ಒಬ್ಬರ ಕ್ಷೇತ್ರ ಸಂಗೀತ, ಇನ್ನೊಬ್ಬರದು ರಂಗಭೂಮಿ. ಈ ಇಬ್ಬರನ್ನು ಮುಂದಿಟ್ಟುಕೊಂಡು, ಒಂದೇ ಹೆಸರನ್ನು ಹೊತ್ತು ಬೇರೆ ಬೇರೆ ವೃತ್ತಿಗಳಲ್ಲಿ ಬಾಳಿದ ಕೆಲವರನ್ನು ಈ ಭಾಷಣದಲ್ಲಿ ನೆನೆಯಬೇಕೆಂದಿದ್ದೇನೆ. ಇದು ಕೇವಲ ವಿನೋದದ ಮಾತಲ್ಲ. ಹೆಸರು ಒಂದೇ ಆದಾಗ ಕನ್ನಡಿಗರು ಮನುಷ್ಯನನ್ನು ಯಾವುದರಿಂದ ಗುರುತಿಸುತ್ತ ಬಂದರು, ಆ ಗುರುತು ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಚರಿತ್ರೆಯ ಪ್ರಶ್ನೆಯೇ ಸರಿ.

ಮೊದಲು ಹಾಡುವ ಸುಬ್ಬಣ್ಣನವರು. 1938ರ ಡಿಸೆಂಬರಿನಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಇವರ ಹೆಸರು ಜಿ. ಸುಬ್ರಹ್ಮಣ್ಯ. ನಗರವೆಂದರೆ ಕೆಳದಿಯ ಅರಸರ ಕೊನೆಯ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಕಾಲಕ್ರಮದಲ್ಲಿ ಹೈದರನ ಹೆಸರು ಕಳಚಿಹೋಗಿ ಬರಿಯ ನಗರವಷ್ಟೇ ಉಳಿಯಿತು. ಅಲ್ಲಿಯ ಸುಬ್ರಹ್ಮಣ್ಯ ಮನೆಯವರ ಬಾಯಲ್ಲಿ ಸುಬ್ಬಣ್ಣನಾದದ್ದು ಸಹಜವೇ. ಕಾನೂನು ಓದಿ ವಕೀಲರಾದರು. ಆದರೆ ನಾಡು ಅವರನ್ನು ನ್ಯಾಯಾಲಯದ ವಾದಗಳಿಂದ ಅರಿಯಲಿಲ್ಲ. ಕುವೆಂಪು, ಬೇಂದ್ರೆ ಮೊದಲಾದವರ ಕವಿತೆಗಳನ್ನು, ಶಿಶುನಾಳ ಷರೀಫರ ತತ್ತ್ವಪದಗಳನ್ನು ಮನೆಮನೆಗೆ ಮುಟ್ಟಿಸಿದ ಆ ಗಟ್ಟಿ ಕಂಠದಿಂದ ಅರಿಯಿತು. ಚಂದ್ರಶೇಖರ ಕಂಬಾರರ ‘ಕಾಡುಕುದುರೆ’ ಚಿತ್ರದ ಹಾಡಿಗಾಗಿ 1978ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಅವರಿಗೆ ಬಂದಿತು. ಹಿನ್ನೆಲೆ ಗಾಯನಕ್ಕೆ ಆ ಗೌರವವನ್ನು ಪಡೆದ ಕನ್ನಡಿಗರಲ್ಲಿ ಅವರೇ ಮೊದಲಿಗರು. 2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಅವರ ಹೆಸರಿನ ಹಿಂದೆ ನಿಂತದ್ದು ನಗರವಲ್ಲ, ಶಿವಮೊಗ್ಗ ಎಂಬುದನ್ನು ಗಮನಿಸಬೇಕು. ಶಿವಮೊಗ್ಗೆಯಲ್ಲಿಯೇ ಇದ್ದವರನ್ನು ಶಿವಮೊಗ್ಗೆಯವರು ‘ಶಿವಮೊಗ್ಗ ಸುಬ್ಬಣ್ಣ’ ಎಂದು ಕರೆಯುವ ಪ್ರಮೇಯವೇ ಇಲ್ಲ. ಮನುಷ್ಯ ತನ್ನ ನೆಲದಿಂದ ಎಷ್ಟು ದೂರ ನಡೆದನೋ ಅಷ್ಟು ದೊಡ್ಡ ಊರು ಅವನ ಹೆಸರಿಗೆ ಅಂಟಿಕೊಳ್ಳುತ್ತದೆ. ಹೋಬಳಿಯೊಳಗೆ ಮನೆಯ ಹೆಸರು ಸಾಕು, ತಾಲ್ಲೂಕಿನೊಳಗೆ ಹಳ್ಳಿಯ ಹೆಸರು ಬೇಕು, ಬೆಂಗಳೂರಿಗೆ ಹೋದರೆ ಜಿಲ್ಲೆಯ ಪಟ್ಟಣದ ಹೆಸರಿಲ್ಲದೆ ನಡೆಯದು. ರೇಡಿಯೋ ಈ ಪದ್ಧತಿಗೆ ಇನ್ನಷ್ಟು ಬಲ ಕೊಟ್ಟಿತು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದ ಮೇಲೆ ಮಲೆನಾಡಿನ ತೋಟದ ಮನೆಗಳಲ್ಲಿ ಸಂಜೆ ಹೊತ್ತು ಕೇಳಿಬಂದದ್ದು ಹಾಡು ಮತ್ತು ಹಾಡಿದವರ ಹೆಸರು, ಇವೆರಡೇ, ಮುಖ ಕಾಣುವಂತಿರಲಿಲ್ಲ. ಮುಖವಿಲ್ಲದ ಕಡೆ ಊರೇ ಗುರುತು.

ಇನ್ನು ಆಡಿಸುವ ಸುಬ್ಬಣ್ಣನವರು. ಕುಂಟಗೋಡು ವಿಭೂತಿ ಸುಬ್ಬಣ್ಣ, ಅಂದರೆ ಕೆ.ವಿ. ಸುಬ್ಬಣ್ಣ, 1932ರ ಫೆಬ್ರವರಿ 20ರಂದು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೆರೆಯ ಮುಂಡಿಗೇಸರದಲ್ಲಿ ಹುಟ್ಟಿದರು. ಮೈಸೂರಿಗೆ ಹೋಗಿ ಮಹಾರಾಜ ಕಾಲೇಜಿನಲ್ಲಿ ಓದಿದರು. ಓದು ಮುಗಿದ ಮೇಲೆ ಪಟ್ಟಣದಲ್ಲಿ ನಿಲ್ಲದೆ ಅಡಕೆಯ ತೋಟಕ್ಕೆ ಮರಳಿದರು. ಆ ಕಾಲದಲ್ಲಿ ಪದವಿ ಪಡೆದವನು ಊರಿಗೆ ಹಿಂದಿರುಗುವುದೆಂದರೆ ಸೋಲೆಂದೇ ಜನ ಎಣಿಸುತ್ತಿದ್ದರು. 1949ರಲ್ಲಿ ಊರಿನ ಹವ್ಯಾಸಿಗಳು ಕಟ್ಟಿಕೊಂಡಿದ್ದ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಬೆಳೆಸುವುದೇ ಅವರ ಬಾಳಿನ ಕೆಲಸವಾಯಿತು. ಅಕ್ಷರ ಪ್ರಕಾಶನ ಬಂದಿತು. ಹಳ್ಳಿಯ ಜನ ಕುರೊಸಾವಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ನೋಡುವ ಚಿತ್ರಸಮಾಜ ಬಂದಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ನಾಡನ್ನೆಲ್ಲ ಸುತ್ತುವ ತಿರುಗಾಟ ಬಂದವು. 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಈ ಹಳ್ಳಿಯನ್ನು ಹುಡುಕಿಕೊಂಡು ಬಂದಿತು. ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಗ್ರಂಥಕ್ಕೆ 2003ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 2005ರ ಜುಲೈ 16ರಂದು ಅವರು ನಿಧನರಾದರು. ಈ ಸುಬ್ಬಣ್ಣನವರಿಗೆ ಜನ ಕೊಟ್ಟ ಗುರುತು ‘ಹೆಗ್ಗೋಡಿನ ಸುಬ್ಬಣ್ಣ’ ಎಂದು. ಊರನ್ನು ಬಿಟ್ಟವರಿಗೆ ಜಿಲ್ಲೆಯ ಪಟ್ಟಣದ ಹೆಸರು, ಊರಲ್ಲೇ ನಿಂತವರಿಗೆ ಹಳ್ಳಿಯ ಹೆಸರು. ಆದರೆ ಆ ಹಳ್ಳಿಯ ಹೆಸರೇ ಮನಿಲಾದವರೆಗೆ ತಲುಪಿತು.

ಇದೇ ಹೆಸರಿನ ಇನ್ನಿಬ್ಬರನ್ನು ಸಾಹಿತ್ಯದ ವಿದ್ಯಾರ್ಥಿಯಾದ ನಾನು ಬಿಡಲಾರೆ. ಒಬ್ಬರು ಸು.ರಂ. ಎಕ್ಕುಂಡಿಯವರು. ಆ ‘ಸು’ ಎಂಬಲ್ಲಿ ಸುಬ್ಬಣ್ಣನೇ ಅಡಗಿದ್ದಾನೆ: ಸುಬ್ಬಣ್ಣ ರಂಗನಾಥ ಎಕ್ಕುಂಡಿ. ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದು ಕಥನಕವನಗಳನ್ನು ಬರೆದ ಸಾಧುಜೀವಿ. ಇನ್ನೊಬ್ಬ ಮನುಷ್ಯನೇ ಅಲ್ಲ, ಪಾತ್ರ. 1928ರಲ್ಲಿ ಪ್ರಕಟವಾದ ಮಾಸ್ತಿಯವರ ನೀಳ್ಗತೆಯ ಸುಬ್ಬಣ್ಣ, ಸಂಗೀತಕ್ಕಾಗಿ ಮನೆ ಬಿಟ್ಟವನು. ಆ ಕಥೆ ಪ್ರಕಟವಾಗಿ ಹತ್ತು ವರ್ಷದ ಮೇಲೆ ನಗರದಲ್ಲಿ ಹುಟ್ಟಿದ ಮಗುವೊಂದು ಅದೇ ಹೆಸರಿನಿಂದ ಗಾಯಕನಾಗುವುದೆಂದು ಮಾಸ್ತಿಯವರು ಕನಸಿನಲ್ಲಿಯೂ ಎಣಿಸಿರಲಾರರು.

ಇಷ್ಟೊಂದು ಸುಬ್ಬಣ್ಣರು ಏಕೆ? ಕಾರಣ ನಮ್ಮ ಸಂಪ್ರದಾಯದಲ್ಲಿಯೇ ಇದೆ. ಹಿರಿಯ ಮೊಮ್ಮಗನಿಗೆ ತಾತನ ಹೆಸರನ್ನು ಇಡುವುದು ನಮ್ಮಲ್ಲಿ ಬಹುಕಾಲ ನಡೆದು ಬಂದ ರೂಢಿ. ಹೀಗಾಗಿ ಒಂದೊಂದು ಮನೆತನದಲ್ಲಿಯೂ ಎರಡು ಮೂರು ಹೆಸರುಗಳೇ ತಲೆಮಾರು ಬಿಟ್ಟು ತಲೆಮಾರಿಗೆ ತಿರುಗುತ್ತಿದ್ದವು. ಮಾವನ ಹೆಸರನ್ನು ಸೊಸೆ ಹಿಡಿದು ಕರೆಯುವಂತಿರಲಿಲ್ಲ. ಆದ್ದರಿಂದ ಮಾವನ ಹೆಸರಿನ ಮಗುವನ್ನು ಅವಳು ಪುಟ್ಟ ಎಂದೋ ಪುಟ್ಟಪ್ಪ ಎಂದೋ ಅಣ್ಣಯ್ಯ ಎಂದೋ ಕರೆದಳು. ಎಷ್ಟೋ ಮನೆಗಳಲ್ಲಿ ಈ ಮುದ್ದಿನ ಹೆಸರೇ ನಿಂತುಹೋಗಿ ಶಾಲೆಯ ದಾಖಲೆಯನ್ನೂ ಸೇರಿತು.

ಅರಸುಮನೆತನಗಳಿಗೂ ಈ ತೊಡಕು ತಪ್ಪಲಿಲ್ಲ. ಕೆಳದಿಯ ವಂಶಾವಳಿಯಲ್ಲಿ ದೊಡ್ಡ ಸಂಕಣ್ಣ, ಚಿಕ್ಕ ಸಂಕಣ್ಣ ಎಂದು ಅಣ್ಣತಮ್ಮಂದಿರೇ ಇದ್ದಾರೆ. ಇಬ್ಬರು ವೆಂಕಟಪ್ಪನಾಯಕರು, ಇಬ್ಬರು ಸೋಮಶೇಖರನಾಯಕರು ಇದ್ದಾರೆ. ಹಿರಿಯ ವೆಂಕಟಪ್ಪನಾಯಕ ಇಕ್ಕೇರಿಯಲ್ಲಿದ್ದಾಗ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅವನ ಆಸ್ಥಾನಕ್ಕೆ ಬಂದು ಕಂಡದ್ದನ್ನೆಲ್ಲ ಬರೆದಿಟ್ಟ. ಅದೇ ವೆಂಕಟಪ್ಪ ಎಂಬ ಹೆಸರು ಮುಂದೆ ಮೈಸೂರು ಸೀಮೆಯ ಚಿತ್ರಕಾರರೊಬ್ಬರಿಗೆ ಬಂದಿತು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ವೀಣೆಯನ್ನೂ ಸಾಧಿಸಿದ ಕೆ. ವೆಂಕಟಪ್ಪನವರ ಹೆಸರು ಬೆಂಗಳೂರಿನ ಚಿತ್ರಶಾಲೆಯ ಮೇಲೆ ಇದೆ. ಕುಪ್ಪಳಿಯ ಗೃಹಸ್ಥರೊಬ್ಬರಿಗೂ ಅದೇ ಹೆಸರು. ಅವರ ಮಗ ಕವಿಯಾದ. ಅರಸ, ಚಿತ್ರಕಾರ, ಕವಿಯ ತಂದೆ: ಹೆಸರು ಮಾತ್ರ ತಿರುಪತಿಯ ಬೆಟ್ಟದ ದೇವರದು.

ಹಳಗನ್ನಡವನ್ನು ಓದಿಸಿದವರಿಗೆ ನಾಗವರ್ಮನ ವಿಚಾರ ಹೇಳಬೇಕಾದದ್ದಿಲ್ಲ. ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದ ನಾಗವರ್ಮನೇ ಬೇರೆ, ಕಾವ್ಯಾವಲೋಕನವನ್ನು ಬರೆದ ವೈಯಾಕರಣ ನಾಗವರ್ಮನೇ ಬೇರೆ ಎಂಬುದನ್ನು ಸ್ಥಾಪಿಸಲು ವಿದ್ವಾಂಸರು ಎಷ್ಟು ಶ್ರಮಪಟ್ಟರು! ಛಂದೋಂಬುಧಿಯವನು ಇವರಲ್ಲಿ ಒಬ್ಬನೋ ಅಥವಾ ಮೂರನೆಯವನೋ ಎಂಬ ಜಿಜ್ಞಾಸೆಯೂ ನಡೆದಿದೆ. ಹೆಸರು ಒಂದಾದದ್ದರಿಂದ ಒಬ್ಬನ ದುಡಿಮೆ ಇನ್ನೊಬ್ಬನ ಲೆಕ್ಕಕ್ಕೆ ಸೇರಿಬಿಡುವ ಅಪಾಯ ಚರಿತ್ರೆಯಲ್ಲಿ ಯಾವಾಗಲೂ ಇದೆ. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಕಿತ್ತೂರಿನ ಚೆನ್ನಮ್ಮ ಅದೆಷ್ಟು ಬಾರಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳೋ ಲೆಕ್ಕವಿಲ್ಲ. ಆಶ್ರಯ ಕೊಟ್ಟವಳು 1672ರಿಂದ 1697ರವರೆಗೆ ಆಳಿದ ಕೆಳದಿಯ ಚೆನ್ನಮ್ಮ. ಕಿತ್ತೂರಿನವಳು 1824ರಲ್ಲಿ ಇಂಗ್ಲಿಷರೊಡನೆ ಕಾದಿದವಳು. ಇಬ್ಬರ ನಡುವೆ ನೂರಕ್ಕೂ ಹೆಚ್ಚು ವರ್ಷಗಳಿವೆ. ಊರಿನ ಹೆಸರನ್ನು ಓದದೆ ವ್ಯಕ್ತಿಯ ಹೆಸರನ್ನಷ್ಟೇ ಓದಿದರೆ ಆಗುವುದು ಹೀಗೆ.

ಈಗ ಪುಟ್ಟಪ್ಪ ಎಂಬ ಹೆಸರಿಗೆ ಬರೋಣ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, 1904ರಿಂದ 1994ರವರೆಗೆ ಬಾಳಿದ ಮಹಾಕವಿ, ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನು ತಂದವರು. ಇನ್ನೊಬ್ಬರು ಹಾವೇರಿ ಸೀಮೆಯ ಪಾಟೀಲ ಪುಟ್ಟಪ್ಪ. ‘ಪ್ರಪಂಚ’ ವಾರಪತ್ರಿಕೆಯ ಸಂಪಾದಕರು, ಅಮೆರಿಕಕ್ಕೆ ಹೋಗಿ ಪತ್ರಿಕೋದ್ಯಮವನ್ನು ಓದಿ ಬಂದವರು, ರಾಜ್ಯಸಭೆಯ ಸದಸ್ಯರು, ಕನ್ನಡದ ಕಾವಲಿಗಾಗಿ ಬಾಳಿನುದ್ದಕ್ಕೂ ಗುಡುಗಿದವರು. 2020ರ ಮಾರ್ಚಿನಲ್ಲಿ ತೀರಿಕೊಂಡರು. ಒಬ್ಬರ ಮಾತು ಕಾಡಿನ ಮೌನದಿಂದ ಮೂಡಿ ಬಂದದ್ದು, ಇನ್ನೊಬ್ಬರದು ಸಂತೆಯ ನಡುವೆ ನಿಂತು ಆಡಿದ್ದು. ಇಬ್ಬರನ್ನೂ ಕನ್ನಡಿಗರು ಬೇರ್ಪಡಿಸಿದ ರೀತಿಯೇ ಸೊಗಸಾಗಿದೆ: ಒಬ್ಬರು ಕುವೆಂಪು, ಇನ್ನೊಬ್ಬರು ಪಾಪು. ಕುವೆಂಪು ಎಂಬಲ್ಲಿ ಕುಪ್ಪಳಿಯ ‘ಕು’ ಮೊದಲು ನಿಂತಿದೆ; ಕವಿ ತನ್ನ ಅಂಕಿತದಲ್ಲಿ ಮೊದಲು ಊರನ್ನಿಟ್ಟು, ಆಮೇಲೆ ತಂದೆಯನ್ನಿಟ್ಟು, ಕೊನೆಗೆ ತಾನು ಕುಳಿತಿದ್ದಾನೆ. ಕನ್ನಡಿಗರ ಹೆಸರಿನ ರಚನೆಯೇ ಇದು.

ಆದರೆ ಇಂಗ್ಲಿಷಿನ ಆದ್ಯಕ್ಷರಗಳು ಬಂದ ಮೇಲೆ ಈ ರಚನೆಗೆ ಮುಸುಕು ಬಿದ್ದಿತು. ಕೆ.ವಿ. ಪುಟ್ಟಪ್ಪ, ಕೆ.ವಿ. ಸುಬ್ಬಣ್ಣ: ಗುರುಶಿಷ್ಯರು, ಒಂದೇ ಜಿಲ್ಲೆಯವರು, ಅಕ್ಷರಗಳೂ ಒಂದೇ. ಮೊದಲನೆಯ ಕೆ. ಎಂದರೆ ಕುಪ್ಪಳಿ, ಎರಡನೆಯ ಕೆ. ಎಂದರೆ ಕುಂಟಗೋಡು. ಮೊದಲನೆಯ ವಿ. ತಂದೆ ವೆಂಕಟಪ್ಪ, ಎರಡನೆಯ ವಿ. ತಂದೆಯ ಹೆಸರೇ ಅಲ್ಲ. ಸುಬ್ಬಣ್ಣನವರ ತಂದೆಯೂ ಕೆ.ವಿ. ರಾಮಪ್ಪ, ಮಗನೂ ಕೆ.ವಿ. ಅಕ್ಷರ, ಕುಂಟಗೋಡು ವಿಭೂತಿ ಎಂಬುದು ಮನೆತನಕ್ಕೆ ಸೇರಿದ್ದು, ಆದ್ದರಿಂದ ತಲೆಮಾರು ಬದಲಾದರೂ ಅದು ಬದಲಾಗದು. ಪುಟ್ಟಪ್ಪನವರ ಮಗನಾದರೋ ಕೆ.ಪಿ. ಪೂರ್ಣಚಂದ್ರ ತೇಜಸ್ವಿ, ಅಲ್ಲಿ ಕುಪ್ಪಳಿ ಉಳಿದು ತಂದೆಯ ಸ್ಥಾನ ಬದಲಾಗಿದೆ. ಮೇಲುನೋಟಕ್ಕೆ ಒಂದೇ ಆದ ಎರಡು ಅಕ್ಷರಗಳ ಹಿಂದೆ ಎರಡು ಬೇರೆ ಬೇರೆ ಕೌಟುಂಬಿಕ ವ್ಯವಸ್ಥೆಗಳಿವೆ ಎಂಬುದನ್ನು ಯಾವ ಕಚೇರಿಯ ನಮೂನೆಯೂ ಹೇಳುವುದಿಲ್ಲ.

ಆದ್ಯಕ್ಷರಕ್ಕೆ ಎಂದೂ ಶರಣಾಗದ ಹೆಸರೊಂದಿದೆ: ಶಾಂತವೇರಿ ಗೋಪಾಲಗೌಡ. ಇವರನ್ನು ‘ಎಸ್. ಗೋಪಾಲಗೌಡ’ ಎಂದವರನ್ನು ನಾನು ಕಂಡಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಹಳ್ಳಿ ಶಾಂತವೇರಿ ಆ ಹೆಸರಿನ ಹೆಗಲೇರಿ ವಿಧಾನಸಭೆಯನ್ನು ಹೊಕ್ಕಿತು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಆರಂಭವಾದ ಆ ಜಗಳ ಭೂಮಿಯ ಒಡೆತನದ ಪ್ರಶ್ನೆಯಾಗಿ ಬೆಳೆಯಿತು. ಸ್ವತಃ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿ ಬೆಳೆದ ಗೋಪಾಲಗೌಡರು 1952ರ ಚುನಾವಣೆಯಲ್ಲಿ, ಮೂವತ್ತು ತುಂಬುವ ಮೊದಲೇ, ಶಾಸಕರಾದರು. 1972ರ ಜೂನ್ 9ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಉಳುವವನಿಗೆ ಭೂಮಿಯನ್ನು ಕೊಡಿಸಿದ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಅದೇ ಗೋಪಾಲಗೌಡ ಎಂಬ ಹೆಸರನ್ನು ನಾಡು ಮತ್ತೆ ಪತ್ರಿಕೆಗಳ ಮೊದಲ ಪುಟದಲ್ಲಿ ಓದಿದ್ದು 2016ರ ಆಗಸ್ಟ್ 31ರ ತೀರ್ಪಿನ ಮರುದಿನ. ಈ ಬಾರಿ ಅದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಗೋಪಾಲಗೌಡರದು, ಚಿಂತಾಮಣಿಯ ಕಡೆಯವರು, ಶಾಂತವೇರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಬಂಗಾಳದ ಸಿಂಗೂರಿನಲ್ಲಿ ಮೋಟಾರು ಕಾರ್ಖಾನೆಗಾಗಿ ಸರ್ಕಾರ ವಶಪಡಿಸಿಕೊಂಡಿದ್ದ ಸುಮಾರು 997 ಎಕರೆ ಭೂಮಿಯನ್ನು ರೈತರಿಗೆ ಮರಳಿಸಬೇಕೆಂದು, ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರೊಡನೆ ಕೂಡಿದ ಪೀಠದಲ್ಲಿ, ಅವರು ತೀರ್ಪಿತ್ತರು. ಒಬ್ಬ ಗೋಪಾಲಗೌಡ ಚಳವಳಿಗಾರ, ಕಾನೂನನ್ನು ಮುರಿದು ಸೆರೆಗೆ ಹೋಗುವವರ ಪಕ್ಷ. ಇನ್ನೊಬ್ಬರು ಕಾನೂನಿನ ಪೀಠದಲ್ಲಿ ಕುಳಿತವರು. ಇಬ್ಬರ ಮುಂದೆಯೂ ಬಂದು ನಿಂತದ್ದು ಮಾತ್ರ ನೆಲವನ್ನು ಉತ್ತವನ ಪ್ರಶ್ನೆ. ಇದನ್ನು ಹೆಸರಿನ ಮಹಿಮೆ ಎಂದು ಹೇಳುವಷ್ಟು ಮೂಢನಂಬಿಕೆ ನನಗಿಲ್ಲ. ಅರವತ್ತೈದು ವರ್ಷಗಳಲ್ಲಿ ಆ ಪ್ರಶ್ನೆ ಮುಗಿದಿರಲಿಲ್ಲ, ಅಷ್ಟೆ.

ಭದ್ರಾವತಿಯನ್ನು ನಾನು ಆಕಾಶವಾಣಿಯೊಂದಿಗೇ ಬಿಟ್ಟುಬಿಟ್ಟರೆ ಆ ಊರಿನವರು ಕ್ಷಮಿಸಲಾರರು. ಹಿಂದೆ ಬೆಂಕಿಪುರವಾಗಿದ್ದ ಈ ಊರಿಗೆ ವಿಶ್ವೇಶ್ವರಯ್ಯನವರ ಹೆಸರು ಬೆಸೆದುಕೊಂಡಿದೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು, ಇವುಗಳನ್ನು ನಂಬಿ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿ, ಆರಂಭದಲ್ಲಿಯೇ ನಷ್ಟದ ಸುಳಿಗೆ ಸಿಕ್ಕಿದಾಗ, ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಅದನ್ನು ನಿಲ್ಲಿಸಿದವರು ಅವರು. ಕಾರ್ಖಾನೆ ಮುಂದೆ ಅವರ ಹೆಸರನ್ನೇ ಹೊತ್ತಿತು. ಅದೇ ಊರಿನಲ್ಲಿ 1949ರ ಫೆಬ್ರವರಿ 12ರಂದು ಹುಟ್ಟಿದವರು ಜಿ.ಆರ್. ವಿಶ್ವನಾಥ್. ವಿಶ್ವೇಶ್ವರ, ವಿಶ್ವನಾಥ ಎಂಬವು ಕಾಶಿಯ ಒಂದೇ ಲಿಂಗದ ಎರಡು ಹೆಸರುಗಳು. ಒಬ್ಬರು ಕಬ್ಬಿಣವನ್ನು ಕುಲುಮೆಯಲ್ಲಿ ಕರಗಿಸಿದ ಎಂಜಿನಿಯರು, ಇನ್ನೊಬ್ಬರು ಚೆಂಡನ್ನು ಮಣಿಕಟ್ಟಿನ ತಿರುವಿನಿಂದ ಬೌಂಡರಿಗೆ ಕಳಿಸಿದ ಕುಳ್ಳಗಿನ ದಾಂಡಿಗ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಒಟ್ಟು 91 ಟೆಸ್ಟುಗಳಲ್ಲಿ 14 ಶತಕಗಳು. ಅವರು ಶತಕ ಹೊಡೆದ ಒಂದು ಟೆಸ್ಟಿನಲ್ಲಿಯೂ ಭಾರತ ಸೋಲಲಿಲ್ಲ.

ಈ ಇಬ್ಬರ ಆದ್ಯಕ್ಷರಗಳನ್ನು ಬಿಡಿಸಿ ನೋಡಿ. ಎಂ. ಎಂದರೆ ಮೋಕ್ಷಗುಂಡಂ, ಅದು ಆಂಧ್ರದಲ್ಲಿರುವ ಹಳ್ಳಿ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಪೂರ್ವಿಕರು ಎಂದೋ ಬಿಟ್ಟುಬಂದ ಊರನ್ನು ಆ ಕುಟುಂಬ ಹೆಸರಿನಲ್ಲಿ ಕಾಪಾಡಿಕೊಂಡಿತು. ವಿಶ್ವನಾಥರ ಜಿ.ಆರ್. ಎಂಬುದರಲ್ಲಿ ಊರೇ ಇಲ್ಲ. ಗುಂಡಪ್ಪ, ರಂಗನಾಥ ಎಂಬ ಹಿರಿಯರ ಹೆಸರುಗಳಿವೆ. ಮೊದಲು ಬಂದದ್ದೇ ಸ್ವಂತ ಹೆಸರೆಂದು ತಿಳಿಯುವ ಇಂಗ್ಲಿಷ್ ಪತ್ರಿಕೆಗಳು ಅವರನ್ನು ಗುಂಡಪ್ಪ ವಿಶ್ವನಾಥ್ ಎಂದು ಜಗತ್ತಿಗೆಲ್ಲ ಸಾರಿದವು. ಕನ್ನಡಿಗರಿಗೆ ಗುಂಡಪ್ಪ ಎಂದರೆ ದೇವನಹಳ್ಳಿಯನ್ನು ಹೆಸರಿನ ಮೊದಲಲ್ಲಿ ಹೊತ್ತ ಡಿ.ವಿ. ಗುಂಡಪ್ಪನವರು, ಲಾರ್ಡ್ಸ್ ಮೈದಾನದಲ್ಲಿ ಅದೇ ಹೆಸರಿಗೆ ಚಪ್ಪಾಳೆ ಬಿದ್ದುದನ್ನು ಕೇಳಿದ್ದರೆ ಕಗ್ಗದ ಕವಿ ನಸುನಗುತ್ತಿದ್ದರೇನೋ.

ಹೆಸರಿನ ಮೊದಲಿನ ಊರು ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ನನಗೆ ಮನಗಾಣಿಸಿದ್ದು ಹಾಜರಿ ಪುಸ್ತಕ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ ಶರಾವತಿಯ ಕಣಿವೆಯ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನೊಳಗೆ ಹೋಯಿತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಬಂದಾಗಲೂ ಹಳ್ಳಿಗಳು ಹೋದವು. ಅಲ್ಲಿಂದ ಎದ್ದು ಬಂದು ಶಿವಮೊಗ್ಗ, ಭದ್ರಾವತಿಗಳ ಆಸುಪಾಸಿನಲ್ಲಿ ನೆಲೆನಿಂತ ಮನೆಗಳ ಮಕ್ಕಳು ನಮ್ಮ ತರಗತಿಗಳಿಗೆ ಬಂದರು. ಹೆಸರು ಕೂಗುವಾಗ ಆದ್ಯಕ್ಷರವನ್ನು ಬಿಡಿಸಿ ಹೇಳೆಂದರೆ ಅವರು ಹೇಳುತ್ತಿದ್ದ ಊರು ಭೂಪಟದಲ್ಲಿ ಇರಲಿಲ್ಲ. ಬೇಸಗೆಯಲ್ಲಿ ನೀರು ಇಳಿದಾಗ ಅಲ್ಲೊಂದು ಗುಡಿಯ ಗೋಡೆ, ಇಲ್ಲೊಂದು ಕಲ್ಲಿನ ಮೆಟ್ಟಿಲು ಕಾಣಿಸುವುದುಂಟು. ಊರು ಪೂರ್ತಿಯಾಗಿ ಉಳಿದದ್ದು ಆ ಒಂದು ಅಕ್ಷರದಲ್ಲಿ. ಸರ್ಕಾರದ ದಾಖಲೆಗಳು ತಂದೆಯ ಹೆಸರನ್ನು ಕೇಳುತ್ತವೆ, ಮನೆಯ ಸಂಖ್ಯೆಯನ್ನು ಕೇಳುತ್ತವೆ. ಅಕ್ಷರವನ್ನು ಬಿಡಿಸಿ ಬರೆಯಲು ಹೇಳಿದಾಗ ಅನೇಕರು ಊರಿನ ಬದಲು ತಂದೆಯ ಹೆಸರನ್ನೇ ಎರಡು ಬಾರಿ ತುಂಬಿದ್ದನ್ನೂ ಕಂಡಿದ್ದೇನೆ. ಹೀಗೆ ನೀರು ಮುಳುಗಿಸಿದ್ದನ್ನು ನಮೂನೆ ಅಳಿಸುತ್ತದೆ.

ಇನ್ನೊಂದು ಬದಲಾವಣೆಯನ್ನು ತಂದವರು, ಸೋಜಿಗವೆಂದರೆ, ಈ ಪುಟ್ಟಪ್ಪ, ಸುಬ್ಬಣ್ಣರೇ. ನೂರಾರು ಜನರೊಡನೆ ಹೆಸರನ್ನು ಹಂಚಿಕೊಂಡು ಬಾಳಿದ ಇವರು ತಮ್ಮ ಮಕ್ಕಳಿಗೆ ಯಾರೂ ಇಡದ ಹೆಸರುಗಳನ್ನು ಹುಡುಕಿದರು. ತಾತನ ಹೆಸರನ್ನು ಹಿಡಿದಿದ್ದರೆ ಕುಪ್ಪಳಿಯಲ್ಲಿ ಮತ್ತೊಬ್ಬ ವೆಂಕಟಪ್ಪ ಹುಟ್ಟಬೇಕಾಗಿತ್ತು. 1938ರಲ್ಲಿ ಶಿವಮೊಗ್ಗೆಯಲ್ಲಿ ಹುಟ್ಟಿದ ಮಗುವಿಗೆ ಕವಿ ಇಟ್ಟದ್ದು ಪೂರ್ಣಚಂದ್ರ ತೇಜಸ್ವಿ ಎಂದು. ಆಮೇಲಿನ ಮಕ್ಕಳು ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಹೆಗ್ಗೋಡಿನ ಸುಬ್ಬಣ್ಣನವರು ತಮ್ಮ ಪ್ರಕಾಶನಕ್ಕೆ ಇಟ್ಟ ಅಕ್ಷರ ಎಂಬ ಹೆಸರನ್ನೇ ಮಗನಿಗೂ ಇಟ್ಟರು. ತಾತನಿಂದ ಮೊಮ್ಮಗನಿಗೆ ಬರುತ್ತಿದ್ದ ಹೆಸರಿನ ಹಳೆಯ ದಾರಿ ಅಲ್ಲಿಗೆ ಕಡಿಯಿತು. ಹೆಸರೆಂಬುದು ಮನೆತನದ ಸೊತ್ತಾಗಿದ್ದುದು ತಂದೆಯೊಬ್ಬನ ರಚನೆಯಾಯಿತು.

ಆದರೆ ಹೊಸ ಹೆಸರು ಹೊಸದಾಗಿ ಉಳಿಯುವುದು ಎಷ್ಟು ದಿನ? ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡಿನಂಚಿನಲ್ಲಿ ಕಾಫಿ ಬೆಳೆದು, ‘ಕರ್ವಾಲೊ’ ಬರೆದು, 2007ರ ಏಪ್ರಿಲಿನಲ್ಲಿ ತೀರಿಕೊಳ್ಳುವ ವೇಳೆಗಾಗಲೇ ಆ ಹೆಸರು ನಾಡಿನ ಶಾಲೆಗಳನ್ನು ಹೊಕ್ಕಾಗಿತ್ತು. 2019ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆಯ್ಕೆಯಾದ ವಕೀಲರ ಹೆಸರೂ ತೇಜಸ್ವಿ. ನನ್ನ ಸೇವೆಯ ಕೊನೆಯ ವರ್ಷ ಶಿವಮೊಗ್ಗೆಯ ಒಂದೇ ತರಗತಿಯಲ್ಲಿ ಮೂವರು ತೇಜಸ್ವಿಗಳಿದ್ದರು, ಅವರಲ್ಲಿ ಒಬ್ಬಳು ಹುಡುಗಿ. ಗೆಳೆಯರು ಅವರನ್ನು ಕರೆಯುತ್ತಿದ್ದುದು ಹೊಳಲೂರು, ಆಯನೂರು, ಹಳೆನಗರ ಎಂದು.